ಬೇರು ಬಲಿತ ಕಡ್ಡಿ

ಗಿಡದ ಕಡ್ಡಿಗೆ ಬೇರು ಬರಿಸುವದು ಜನರು ತಿಳಿದಷ್ಟು ಕಠಿಣವಾದ ಕೆಲಸವಲ್ಲ. ಮಳೆಗಾಲದ ಆರಂಭದಲ್ಲಿ ಬಲಿತ ಮಲ್ಲಿಗೆಯ ಟೊಂಗೆಯೊಂದನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಕೆಳಗಿನ ಎಲೆಗಳನ್ನು ಚಿವುಟಿ, ಹಸಿ ಮರಳಿನಲ್ಲಿ ಊರಿ ನೆರಳಿನಲ್ಲಿಟ್ಟರೆ, ಒಂದೂವರೆ ಎರಡು ತಿಂಗಳಲ್ಲಿ ಅದು ತಾನಾಗಿಯೆ ಬೇರು ಬಿಡುವದು. ದಾಳಿಂಬೆ, ಅಂಜೂರ, ಕಣಗಿಲೆ, ದಾಸವಾಳಗಳ ಮಾತೂ ಹೆಚ್ಚುಕಡಿಮೆ ಇಷ್ಟೆ. ನುಗ್ಗೆಯಂತೂ ತೋಳಿನಷ್ಟು ದಪ್ಪ ಕೊಂಬೆಯನ್ನು ಬೇಲಿಗೆ ಹುಗಿದರೂ ಚಿಗುರುವದು. ಕಷ್ಟವಿರುವದು ಅದರ ಮುಂದಿನ ಹೆಜ್ಜೆಯಲ್ಲಿ. ಬೇರು ಬಂದ ಕಡ್ಡಿಯನ್ನು ಹೊತ್ತಿಗೆ ಸರಿಯಾಗಿ ನೆಲಕ್ಕಿಳಿಸುವವರು ವಿರಳ. ಮೃಗದ ಮಳೆ ಬೀಳಲಿ, ಅಂಗಳದ ಗೋಡೆ ಮುಗಿಯಲಿ, ಮಗನು ರಜೆಗೆ ಬಂದಾಗ ಗುಣಿ ತೋಡಿಸೋಣ ಎಂದು ಒಂದೊಂದು ನೆವದಿಂದ ಆ ಕಡ್ಡಿ ಡಬ್ಬಿಯಲ್ಲಿಯೆ ಉಳಿದುಬಿಡುವದು. ಮನೆಯವರು ಮರೆತಿರಬಹುದು, ಬೇರು ಮಾತ್ರ ತನ್ನ ಕೆಲಸವನ್ನು ಮರೆಯುವದಿಲ್ಲ.

ಬೇರಿನ ಸ್ವಭಾವವು ಮುಂದೆ ಮುಂದೆ ಹೋಗುವದು. ಭೂಮಿಯಲ್ಲಿದ್ದಾಗ ಅದಕ್ಕೆ ದಿಕ್ಕುಗಳಿಗೇನೂ ಕೊರತೆಯಿಲ್ಲ. ಡಬ್ಬಿಯಲ್ಲಿ ಅದು ನಾಲ್ಕು ಬೆರಳು ಹೋಗುವದರೊಳಗಾಗಿ ಗೋಡೆಗೆ ತಾಗುವದು. ತಾಗಿದ ಮೇಲೆ ಹಿಂದಿರುಗದೆ ಗೋಡೆಯ ಗುಂಟ ಹೊರಳುವದು. ಗಾಣದ ಎತ್ತಿನಂತೆ ಸುತ್ತತೊಡಗುವದು. ಕೆಳಗೆ ತೂತಿದ್ದರೆ ಅದರಿಂದ ಹೊರಬಿದ್ದು ನೆಲವನ್ನು ತಡಕುವದು. ಎರಡು ಮಳೆಗಾಲ ಕಳೆದರೆ ಡಬ್ಬಿಯಲ್ಲಿ ಮಣ್ಣಿಗಿಂತ ಬೇರೇ ಹೆಚ್ಚಾಗಿರುವದು. ಆಗ ಕಾಣುವ ಲಕ್ಷಣಗಳನ್ನು ಗೃಹಿಣಿಯರು ಚೆನ್ನಾಗಿ ಬಲ್ಲರು, ಆದರೆ ಅವುಗಳ ಕಾರಣವನ್ನು ಬೇರೆ ಕಡೆ ಹುಡುಕುವರು. ಹಾಕಿದ ನೀರು ನಿಲ್ಲದೆ ತಟ್ಟನೆ ಕೆಳಗೆ ಸುರಿದು ಹೋಗುವದು, ಮುಂಜಾನೆ ನೀರುಂಡ ಗಿಡವು ಮಧ್ಯಾಹ್ನಕ್ಕೆ ಬಾಡುವದು, ಹೊಸ ಎಲೆಗಳು ಹಳೆಯವುಗಳ ಅರ್ಧದಷ್ಟೂ ದೊಡ್ಡವಾಗಲಾರವು, ಹೂವು ನಿಲ್ಲುವದು. ಗೊಬ್ಬರ ಸಾಲದೆಂದು ಮೇಲೆ ಮೇಲೆ ಗೊಬ್ಬರ ಹಾಕುವರು. ಹಸಿದವನ ಕೈಕಾಲು ಕಟ್ಟಿ ಅವನ ಮುಂದೆ ಎಡೆ ಬಡಿಸಿದಂತಾಯಿತು!

ಇದರ ಒಳಗಿನ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳುವದು ಒಳ್ಳೆಯದು. ಗಿಡಕ್ಕೆ ನೀರುಣಿಸುವದು ನಮ್ಮ ಕಣ್ಣಿಗೆ ಕಾಣುವ ಕಂದು ಬಣ್ಣದ ದಪ್ಪ ಬೇರಲ್ಲ. ಪ್ರತಿಯೊಂದು ಎಳೆಬೇರಿನ ತುದಿಯ ತುಸು ಹಿಂದೆ ಕೂದಲಿಗಿಂತಲೂ ನವುರಾದ ತಂತುಗಳು ಹುಟ್ಟುವವು; ಅವೇ ಮಣ್ಣಿನ ಕಣಗಳ ಸಂದಿಯಲ್ಲಿ ನುಸುಳಿ ನೀರನ್ನು ಹೀರತಕ್ಕವು. ಅವುಗಳ ಆಯುಷ್ಯವು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ತುದಿ ಮುಂದರಿದಂತೆ ಹಿಂದಿನವು ಸತ್ತು ಹೊಸವು ಹುಟ್ಟುತ್ತಿರಬೇಕು. ಹಳೆಯ ಬೇರು ಕ್ರಮೇಣ ತೊಗಟೆ ಕಟ್ಟಿಕೊಂಡು ಬರಿಯ ಕಾಲುವೆಯಾಗಿ ನಿಲ್ಲುವದು. ಡಬ್ಬಿಯ ಗೋಡೆಗೆ ಒತ್ತಿಕೊಂಡು ಸುತ್ತಿದ ಬೇರಿನಲ್ಲಿ ಇಂಥ ಕಾಲುವೆಗಳು ಬಹಳ, ಬಾಯಿಗಳು ಕಡಿಮೆ. ಆದಕಾರಣ ಬೇರಿನ ರಾಶಿಯನ್ನು ಕಂಡು 'ಗಿಡ ಗಟ್ಟಿಯಾಗಿದೆ' ಎಂದು ಹಿಗ್ಗುವದು ತಪ್ಪು ಲೆಕ್ಕವು.

ಹಿಂದಿನವರ ಗ್ರಂಥಗಳಲ್ಲಿ ಈ ರೋಗದ ಮಾತು ಏಕೆ ಕಾಣುವದಿಲ್ಲವೆಂದು ಕೆಲವರು ಕೇಳಬಹುದು. ವರಾಹಮಿಹಿರನ ಬೃಹತ್ಸಂಹಿತೆಯು ಕ್ರಿಸ್ತಶಕ 6ನೆಯ ಶತಮಾನದ್ದು. ಅದರ ವೃಕ್ಷಾಯುರ್ವೇದಾಧ್ಯಾಯದಲ್ಲಿ ಕಾಂಡದಿಂದ ಬೆಳೆಸತಕ್ಕ ಗಿಡಗಳ ಎಣಿಕೆಯುಂಟು. ದಾಡಿಮ, ದ್ರಾಕ್ಷಾ, ಅತಿಮುಕ್ತಕಗಳು ಅದರಲ್ಲಿ ಬರುವವು. ಕಿತ್ತು ನೆಡುವದಕ್ಕೆ ಋತುಗಳನ್ನು ಸಹ ಆತನು ಹಂಚಿಕೊಟ್ಟಿರುವನು: ಇನ್ನೂ ಟೊಂಗೆಯೊಡೆಯದ ಸಸಿಗೆ ಶಿಶಿರ, ಟೊಂಗೆಯೊಡೆದದ್ದಕ್ಕೆ ಹೇಮಂತ, ಬೋದು ಬಲಿತದ್ದಕ್ಕೆ ವರ್ಷಾರಂಭ. ನೆಡುವ ಮುನ್ನ ತುಪ್ಪ, ಲಾಮಂಚ, ಎಳ್ಳು, ಜೇನು, ವಾಯುವಿಳಂಗ, ಹಾಲು, ಸಗಣಿಗಳನ್ನು ಕಲಸಿ ಬೇರಿನಿಂದ ಬೋದಿನವರೆಗೆ ಬಳಿಯಲಿಕ್ಕೆ ಹೇಳಿರುವನು. ಈ ಪಟ್ಟಿಯಲ್ಲಿ ತುಪ್ಪ ಜೇನುಗಳಿಂದ ಗಿಡಕ್ಕೆ ಏನು ಲಾಭವೋ ಹೇಳುವದು ಕಷ್ಟ; ಅವು ಮನೆಯ ಮಕ್ಕಳಿಗೇ ಸಲ್ಲಲಿ. ಆದರೆ ಸಗಣಿಯ ಲೇಪವು ಹಸಿ ಬೇರನ್ನು ಗಾಳಿಗೆ ಒಣಗಗೊಡದಂತೆ ಕಾಯುವದು ಎಂಬುದರಲ್ಲಿ ಸಂದೇಹವಿಲ್ಲ. ಹತ್ತಿರ ಹತ್ತಿರ ಬೆಳೆದ ಮರಗಳು ಬೇರಿಗೆ ಬೇರು ಹೆಣೆದುಕೊಂಡು ಪೀಡಿತವಾದರೆ ಚೆನ್ನಾಗಿ ಫಲಿಸವೆಂಬ ಸೂಕ್ಷ್ಮವೂ ಆತನಿಗೆ ಹೊಳೆದಿತ್ತು.

ಈ ವಿದ್ಯೆಯು ಕಲ್ಯಾಣಕ್ಕೆ ಪರಕೀಯವಾದದ್ದಲ್ಲ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನು ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಆಮೇಲೆ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿದನು. ಅದೇ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಉದ್ಯಾನದ ನೆಲ, ಗಿಡಗಳ ನಡುವಿನ ಅಂತರ, ಗೊಬ್ಬರ ಮುಂತಾದ ವಿಷಯಗಳು ಬಂದಿವೆ. ರಾಜನಾದವನು ಗಿಡದ ಗುಣಿಯ ವಿಚಾರವನ್ನು ಗ್ರಂಥಸ್ಥ ಮಾಡಲಿಕ್ಕೆ ಹೇಸದ ಊರಿದು.

ಆದರೂ ಬೃಹತ್ಸಂಹಿತೆಯ ಆ ಅಧ್ಯಾಯದಲ್ಲಿ ಸುತ್ತಿದ ಬೇರಿನ ಚಿಕಿತ್ಸೆ ಇಲ್ಲ. ಇದಕ್ಕೆ ಕಾರಣ ಸ್ಪಷ್ಟವಿದೆ. ಆಗಿನ ಸಸಿ ಮಡಿಯಲ್ಲಿ ಬೆಳೆಯುತ್ತಿತ್ತು, ಡಬ್ಬಿಯಲ್ಲಲ್ಲ. ಮಡಿಯಿಂದ ಕಿತ್ತ ಸಸಿಗೆ ಬೇರು ಕಡಿಮೆಯಾದ ದುಃಖ. ಡಬ್ಬಿಯಿಂದ ತೆಗೆದದ್ದಕ್ಕೆ ಬೇರು ಹೆಚ್ಚಾದ ದುಃಖ. ಮೊದಲನೆಯದಕ್ಕೆ ಹೇಳಿದ 'ಬೇರು ನೋಯದ ಹಾಗೆ ಕೀಳಬೇಕು' ಎಂಬ ಎಚ್ಚರವನ್ನು ಎರಡನೆಯದಕ್ಕೂ ಅನ್ವಯಿಸಿದ್ದರಿಂದಲೆ ಇಂದಿನ ಮನೆಗಳಲ್ಲಿ ಎಷ್ಟೋ ಸಸಿಗಳು ಸಾಯುತ್ತಿವೆ.

ಹುಮನಾಬಾದದ ಒಂದು ಮನೆಯಲ್ಲಿ ನಡೆದ ಸಂಗತಿಯಿಂದ ಇದು ಚೆನ್ನಾಗಿ ಗೊತ್ತಾಗುವದು. ಆ ಮನೆಯ ಹಿರಿಯ ಹೆಣ್ಣುಮಗಳ ತವರು ಬಸವಕಲ್ಯಾಣದ ಹಳೆಯ ಪೇಟೆಯಲ್ಲಿತ್ತು. ತವರಿನ ಹಿತ್ತಲಲ್ಲಿ ಆಕೆಯ ತಾಯಿ ಹಚ್ಚಿದ ಒಂದು ದುಂಡುಮಲ್ಲಿಗೆಯ ಗಿಡ. ತಾಯಿ ಹೋದ ಮೇಲೆಯೂ ವರ್ಷಾ ಬೇಸಿಗೆಯಲ್ಲಿ ಅದು ಹೂಬಿಡುತ್ತಿತ್ತು. ಯಾರಾದರೂ ಕಲ್ಯಾಣದಿಂದ ಹುಮನಾಬಾದಕ್ಕೆ ಬರುವವರಿದ್ದರೆ ಬಾಳೆಲೆಯಲ್ಲಿ ಸುತ್ತಿದ ಮೊಗ್ಗು ಬರುತ್ತಿದ್ದವು. ಮುಂದೆ ಅಣ್ಣತಮ್ಮಂದಿರ ಮಕ್ಕಳಲ್ಲಿ ಮನೆ ಪಾಲಾಯಿತು, ಪಾಲಾದದ್ದು ಮಾರಾಟವಾಯಿತು. ಕೊಂಡವರು ಹಿತ್ತಲಿಗೆ ಫರಸಿ ಹಾಸಿದರು. ಅದರ ಹಿಂದಿನ ಆಷಾಢದಲ್ಲಿ ಈ ತಾಯಿ ಹೋಗಿ ಆರು ಕಡ್ಡಿಗಳನ್ನು ಕೊಯ್ದು, ಹಸಿ ಅರಿವೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಮೂರಕ್ಕೆ ಬೇರು ಬಂದಿತು. ಆ ಮೂರನ್ನು ಮೂರು ಎಣ್ಣೆಯ ಡಬ್ಬಿಗಳಲ್ಲಿ ಹಚ್ಚಿದರು. ಅಷ್ಟರಲ್ಲಿ ಹುಮನಾಬಾದದ ಮನೆಯನ್ನೂ ಕೆಡವಿ ಕಟ್ಟಿಸಬೇಕಾಯಿತು. ಕುಟುಂಬವು ಬಾಡಿಗೆಯ ಮಾಳಿಗೆಗೆ ಏರಿತು. ಡಬ್ಬಿಗಳೂ ಏರಿದವು. ಕಟ್ಟಡದ ಕೆಲಸವೆಂದ ಮೇಲೆ ಹೇಳಿದ ದಿನಕ್ಕೆ ಮುಗಿಯುವದುಂಟೆ? ಎರಡು ಮಳೆಗಾಲಗಳು ಮಾಳಿಗೆಯ ಮೇಲೆಯೆ ಕಳೆದುಹೋದವು.

ಹೊಸ ಮನೆಯ ಅಂಗಳಕ್ಕೆ ಡಬ್ಬಿಗಳು ಇಳಿದಾಗ ಗಿಡಗಳು ಮೊಳಕಾಲುದ್ದವಿದ್ದವು, ಎಲೆ ಹುಣಸೆಬೀಜದಷ್ಟು. ಗಿಡ ಹಚ್ಚಲು ಬಂದ ಮಾಲಿಯು ಒಂದು ಡಬ್ಬಿಯನ್ನು ಕತ್ತರಿಯಿಂದ ಸೀಳಿ ತೆಗೆದನು. ಒಳಗೆ ಮಣ್ಣೇ ಕಾಣಲಿಲ್ಲ. ಶಾವಿಗೆಯ ಉಂಡೆಯಂತೆ ಬೇರು, ತಳದಲ್ಲಿ ಮೂರು ನಾಲ್ಕು ಸುತ್ತು. ಅವನು ಕುಡಗೋಲನ್ನು ಕೈಗೆತ್ತಿಕೊಂಡ ಕೂಡಲೆ ಆ ತಾಯಿಯ ಎದೆ ನಡುಗಿತು.

"ಬ್ಯಾಡೋ ತಮ್ಮಾ, ಬೇರ್ ಕಡೀಬ್ಯಾಡ. ಇದು ನಮ್ಮವ್ವನ ಕೈಯಾಗಿಂದು."

"ಕಡೀಲಿಲ್ಲಂದ್ರ ಇದು ನೆಲದಾಗ ಇಟ್ರೂ ಡಬ್ಬಿ ಬಿಡಂಗಿಲ್ರಿ, ಆಯೀ" ಎಂದನು ಮಾಲಿ.

ಸೊಸೆಯು ನಡುವೆ ಬಂದು ಒಂದು ತೀರ್ಮಾನ ಮಾಡಿದಳು: ಎರಡನ್ನು ಮಾಲಿಯ ಮಾತಿನಂತೆ ಹಚ್ಚುವದು, ಒಂದನ್ನು ಅತ್ತೆಯ ಇಚ್ಛೆಯಂತೆ ಮುಟ್ಟದೆ, ಉಂಡೆ ಇದ್ದ ಹಾಗೆಯೆ, ತುಳಸಿಕಟ್ಟೆಯ ಪಕ್ಕಕ್ಕೆ ಇಳಿಸುವದು. ಮಾಲಿಯು ತನ್ನ ಪಾಲಿನ ಎರಡನ್ನು ಒಂದು ರಾತ್ರಿ ನೀರಿನ ಬೋಗುಣಿಯಲ್ಲಿ ನೆನೆಯಿಟ್ಟನು. ಮರುದಿನ ತಳದ ಸುತ್ತುಗಳನ್ನು ಎರಡು ಬೆರಳಷ್ಟು ದಪ್ಪಕ್ಕೆ ಕೊಯ್ದು ಬಿಸುಟನು. ಬದಿಯಲ್ಲಿ ಮೇಲಿನಿಂದ ಕೆಳಗೆ ನಾಲ್ಕು ಗೀರು ಹಾಕಿದನು. ಉಳಿದ ಬೇರನ್ನು ಬೆರಳುಗಳಿಂದ ಜಡೆ ಬಿಚ್ಚಿದಂತೆ ಬಿಚ್ಚಿ, ಗುಣಿಯಲ್ಲಿ ಎಬ್ಬಿಸಿದ ಸಣ್ಣ ಮಣ್ಣಿನ ಗುಡ್ಡೆಯ ಮೇಲೆ ಸುತ್ತಲೂ ಹರಡಿದನು. ಮೇಲಿನ ಟೊಂಗೆಗಳನ್ನೂ ಅರ್ಧಕ್ಕೆ ಕತ್ತರಿಸಿದನು. ಆ ತಾಯಿ ಅಂದು ಮಧ್ಯಾಹ್ನ ಊಟ ಮಾಡಲಿಲ್ಲವೆಂದು ಮನೆಯವರು ಹೇಳುವರು.

ಶ್ರಾವಣ ಕಳೆಯುವವರೆಗೆ ಗೆಲವು ಅತ್ತೆಯ ಗಿಡದ್ದೇ ಆಗಿತ್ತು. ಅದು ಒಂದು ಎಲೆಯನ್ನೂ ಉದುರಿಸಲಿಲ್ಲ, ಎರಡು ಮೊಗ್ಗನ್ನೂ ಬಿಟ್ಟಿತು. ಮಾಲಿಯ ಎರಡೂ ಎಲೆ ಕಳಚಿ ಬೋಳು ಕಡ್ಡಿಗಳಾಗಿ ನಿಂತವು. ಗೋಡೆಯ ಹತ್ತಿರದ್ದು ಕೊನೆಗೂ ಏಳಲಿಲ್ಲ. ಇನ್ನೊಂದು, ಇಪ್ಪತ್ತೆಂಟನೆಯ ದಿನ—ಸೊಸೆಯು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಿದ್ದಳು—ಬುಡದ ಗಿಣ್ಣಿನಲ್ಲಿ ಸಾಸಿವೆಕಾಳಿನಷ್ಟು ಚಿಗುರನ್ನು ತೋರಿಸಿತು. ಮುಂದಿನ ವೈಶಾಖದ ಬಿಸಿಲಿನಲ್ಲಿ ತುಳಸಿಕಟ್ಟೆಯ ಪಕ್ಕದ ಗಿಡ ಜೋತುಬಿದ್ದಿತು. ಬಿಂದಿಗೆಗಟ್ಟಲೆ ನೀರು ಹಾಕಿದರು. ಸುತ್ತಲಿನ ಮಣ್ಣು ಕೆಸರಾಗಿದ್ದರೂ ಗಿಡ ಒಣಗಿತು. ಅಗೆದು ತೆಗೆದಾಗ ಅದು ಎರಕ ಹೊಯ್ದ ವಸ್ತುವಿನಂತೆ ಅಖಂಡವಾಗಿ ಮೇಲಕ್ಕೆ ಬಂದಿತು. ಡಬ್ಬಿಯ ಬಳೆಗಳ ಗುರುತು ಸಹ ಅದರ ಮೈಮೇಲೆ ಹಾಗೆಯೆ ಇದ್ದವು. ಹತ್ತು ತಿಂಗಳು ಒಳ್ಳೆಯ ಮಣ್ಣಿನ ನಡುವೆ ಇದ್ದು ಒಂದು ಬೆರಳಿನಷ್ಟು ಬೇರನ್ನೂ ಅದು ಹೊರಗೆ ಚಾಚಿರಲಿಲ್ಲ. ಉಂಡೆಯ ಒಳಗೆ ಕೈಯಿಟ್ಟರೆ ಬೂದಿಯಂಥ ಒಣ ಮಣ್ಣು.

ಮೂರರಲ್ಲಿ ಉಳಿದದ್ದು ಒಂದು. ಮೊದಲ ಹೂವು ಬಂದಾಗ ಆ ತಾಯಿ ಕೇಳಿದ್ದು ಒಂದೇ ಮಾತು: "ಇದು ಅದೇ ಗಿಡ ಏನು?"

ಈ ಪ್ರಶ್ನೆಗೆ ವನಸ್ಪತಿಶಾಸ್ತ್ರದ ಉತ್ತರವು ಸಂಶಯವಿಲ್ಲದ್ದು. ಬೀಜದಿಂದ ಹುಟ್ಟಿದ್ದು ಗಿಡದ ಸಂತಾನ; ಅದರಲ್ಲಿ ಇನ್ನೊಂದು ಗಿಡದ ಪಾಲೂ ಇರಬಹುದು. ಕಡ್ಡಿಯಿಂದ ಬೆಳೆದದ್ದು ಸಂತಾನವಲ್ಲ, ಆ ಗಿಡವೇ. ಕಲ್ಯಾಣದ ಹಿತ್ತಲಲ್ಲಿ ಫರಸಿಯ ಕೆಳಗೆ ಹೋದದ್ದೂ ಹುಮನಾಬಾದದ ಅಂಗಳದಲ್ಲಿ ಹೂವು ಬಿಟ್ಟದ್ದೂ ಒಂದೇ ಶರೀರದ ಎರಡು ತುಂಡುಗಳು. ಜಗತ್ತಿನಲ್ಲಿ ಇದಕ್ಕೆ ದೊಡ್ಡ ನಿದರ್ಶನವೆಂದರೆ ಅನುರಾಧಪುರದ ಬೋಧಿವೃಕ್ಷ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಶೋಕನ ಮಗಳಾದ ಸಂಘಮಿತ್ರೆಯು ಗಯೆಯ ಅಶ್ವತ್ಥದ ಟೊಂಗೆಯನ್ನು ಬಂಗಾರದ ಪಾತ್ರೆಯಲ್ಲಿ ಸಿಂಹಳಕ್ಕೆ ಒಯ್ದಳೆಂದು ಮಹಾವಂಸವು ಹೇಳುವದು. ಗಯೆಯ ಹಳೆಯ ಮರವು 1876ರಲ್ಲಿ ಉರುಳಿಬಿದ್ದು, ಈಗಿನ ಮರವನ್ನು 1881ರಲ್ಲಿ ಕನಿಂಗ್‌ಹ್ಯಾಮನು ನೆಡಿಸಬೇಕಾಯಿತು. ಅನುರಾಧಪುರದ್ದು ಇಂದಿಗೂ ಚಿಗುರುತ್ತಲಿದೆ. ಬಂಗಾರದ ಪಾತ್ರೆಯೂ ಎಣ್ಣೆಯ ಡಬ್ಬಿಯೂ ಬೇರಿನ ಪಾಲಿಗೆ ಒಂದೇ ಸರಿ. ಹಡಗಿನ ಪ್ರಯಾಣ ಮುಗಿದ ಮೇಲೆ ಅದನ್ನು ಪಾತ್ರೆಯಲ್ಲಿಯೆ ಇಟ್ಟು ಪೂಜಿಸಿದ್ದರೆ ಇಷ್ಟು ಶತಮಾನ ಬದುಕುತ್ತಿದ್ದಿಲ್ಲ.

ಕಡಿದ ಬೇರು ಚಿಗುರುವದೇಕೆಂಬುದನ್ನು ಕಳೆದ ಶತಮಾನದ ಶೋಧಕರು ಬಿಡಿಸಿ ತೋರಿಸಿದ್ದಾರೆ. ಎಳೆಯ ಎಲೆಗಳಲ್ಲಿ ಮತ್ತು ಕುಡಿಯಲ್ಲಿ ಆಕ್ಸಿನ್ ಎಂಬ ದ್ರವ್ಯವು ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ಕೊಯ್ದ ಗಾಯದ ಹತ್ತಿರ ಅದು ಸಂಗ್ರಹವಾಗಿ ಬೇರನ್ನು ಹುಟ್ಟಿಸುತ್ತದೆ. 1935ರಲ್ಲಿ ಅಮೇರಿಕೆಯ ಝಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಎಂಬವರು ಇದೇ ಜಾತಿಯ ಇಂಡೋಲ್ ಬ್ಯೂಟಿರಿಕ್ ಆಮ್ಲದಿಂದ ಕಡ್ಡಿಗೆ ಬೇರು ಬರಿಸಬಹುದೆಂದು ತೋರಿಸಿದರು. ಈಗ ಗೊಬ್ಬರದ ಅಂಗಡಿಗಳಲ್ಲಿ ಪುಡಿಯ ರೂಪದಿಂದ ದೊರೆಯುವದು ಅದೇ. ಬೇರಿನ ತುದಿ ಇರುವವರೆಗೆ ಅದು ತನ್ನ ಹಿಂದಿನ ಕವಲುಗಳನ್ನು ಅದುಮಿಟ್ಟಿರುವದು. ತುದಿ ಹೋದ ಮೇಲೆ ಗಾಯದ ಹಿಂದಿನಿಂದ ನಾಲ್ಕಾರು ಹೊಸ ಕವಲುಗಳು ಹೊರಡುವವು. ಪ್ರತಿಯೊಂದಕ್ಕೂ ಹೊಸ ಬಾಯಿ, ಹೊಸ ದಿಕ್ಕು. ಮಲ್ಲಿಗೆಯ ಟೊಂಗೆಯನ್ನು ಚಿವುಟಿದರೆ ಕವಲು ಹೆಚ್ಚುವದೆಂದು ಬಲ್ಲ ಹೆಂಗಸರು ಬೇರಿನ ವಿಷಯದಲ್ಲಿ ಮಾತ್ರ ಹಿಂಜರಿಯುವದು ಆಶ್ಚರ್ಯವೇ ಸರಿ.

ಆದರೆ ಕೊಯ್ಯುವದಕ್ಕೆ ಮಿತಿಯುಂಟು. ಸಾಧಾರಣವಾಗಿ ಬೇರಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಮ್ಮೆಲೆ ತೆಗೆಯಬಾರದು; ಎಷ್ಟು ಬೇರು ಹೋಯಿತೋ ಅಷ್ಟರ ಮಟ್ಟಿಗೆ ಎಲೆಯ ಭಾರವನ್ನೂ ಇಳಿಸಬೇಕು. ಬಾಯಿ ಕಡಿಮೆಯಾದ ಮನೆಯಲ್ಲಿ ಖರ್ಚು ಹಾಗೆಯೆ ಇದ್ದರೆ ನಡೆದೀತೆ? ಎಲೆಗಳ ರಂಧ್ರಗಳಿಂದ ಹಗಲೆಲ್ಲ ನೀರು ಆವಿಯಾಗಿ ಹೋಗುತ್ತಿರುವದು. ಮೊಂಡಾದ ಕತ್ತಿಯಿಂದ ಜಜ್ಜದೆ, ಹರಿತವಾದದ್ದರಿಂದ ಒಂದೇ ಪೆಟ್ಟಿಗೆ ಕೊಯ್ಯಬೇಕು. ಜಜ್ಜಿದ ಬೇರು ಕೊಳೆಯುವದು. ಅತಿ ಉದ್ದವಾದ ಬೇರನ್ನು ಕೊಯ್ಯಲಾರದೆ ಮಡಚಿ ಗುಣಿಗೆ ತುರುಕುವವರುಂಟು. ಮಡಚಿದ್ದಕ್ಕಿಂತ ಕೊಯ್ದದ್ದು ಲೇಸು. ಮಡಚಿದ ಬೇರು ಅದೇ ಬಾಗಿನಲ್ಲಿ ಬಲಿಯುವದು. ಬುಡವನ್ನು ಸುತ್ತಿದ ಬೇರಾದರೆ ಮುಂದೆ ಬೋದು ದಪ್ಪವಾದಾಗ ಅದನ್ನೇ ಬಿಗಿದು ಉಸಿರುಕಟ್ಟಿಸುವದು. ಐದಾರು ವರ್ಷ ಚೆನ್ನಾಗಿದ್ದ ಮರವು ಒಂದು ಬಿರುಗಾಳಿಗೆ ಬುಡಸಹಿತ ಮಗುಚಿಕೊಂಡರೆ ಎಷ್ಟೋ ಸಲ ಬುಡದಲ್ಲಿ ಇಂಥ ಸುತ್ತು ಕಾಣುವದು.

ಈಗ ಪಟ್ಟಣದ ಮನೆಗಳಲ್ಲಿ ಗಾಜಿನ ಬಾಟಲಿಯ ನೀರಿನಲ್ಲಿ ಕಡ್ಡಿಗೆ ಬೇರು ಬರಿಸುವ ರೂಢಿ ಹೆಚ್ಚಾಗಿದೆ. ನೋಡಲಿಕ್ಕೆ ಚೆಂದ, ಬಿಳಿಯ ಬೇರು ದಿನದಿನಕ್ಕೆ ಇಳಿಯುವದನ್ನು ಮಕ್ಕಳು ಸಹ ಸಂತೋಷದಿಂದ ನೋಡುವರು. ಆದರೆ ನೀರಿನಲ್ಲಿ ಹುಟ್ಟಿದ ಬೇರು ನೀರಿನದೇ. ಅದು ಪೆಡಸು, ಅದರಲ್ಲಿ ಹೀರುವ ತಂತುಗಳು ವಿರಳ, ಮಣ್ಣಿನ ಒರಟುತನ ಅದಕ್ಕೆ ಗೊತ್ತಿಲ್ಲ. ಎರಡು ಮೂರು ಬೆರಳುದ್ದ ಆಗುವಾಗಲೆ ಮಣ್ಣಿಗೆ ಇಳಿಸಿದರೆ ಹೊಸ ರೀತಿಯನ್ನು ಕಲಿಯುವದು; ಗೇಣುದ್ದ ಬೆಳೆದು ಬಾಟಲಿಯ ತಳದಲ್ಲಿ ಗಂಟಾದ ಮೇಲೆ ಕಲಿಯುವದು ಕಷ್ಟ. ಅಂಥ ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಎಳೆಯಬಾರದು. ಅಗಲವಾದ ಪರಾತದ ನೀರಿನಲ್ಲಿ ತೇಲಿಸಿ ಮೆಲ್ಲಗೆ ಅಲುಗಿಸಿದರೆ ಎಷ್ಟೋ ಬೇರು ತಾವಾಗಿ ಬಿಡಿಸಿಕೊಳ್ಳುವವು, ಬಿಡದವನ್ನು ಕತ್ತರಿಸಬೇಕು. ಉದ್ದವನ್ನು ನಾಲ್ಕು ಬೆರಳಿಗೆ ಇಳಿಸಿ, ಸಣ್ಣ ಕುಂಡದಲ್ಲಿ ನಿಲ್ಲಿಸಿ, ಜರಡಿಯಾಡಿದ ಮಣ್ಣನ್ನು ಒಣದಾಗಿ ಒತ್ತುವ ಬದಲು ಗಂಜಿಯಂತೆ ನೀರಲ್ಲಿ ಕಲಸಿ ಸುತ್ತಲೂ ಹೊಯ್ಯುವದು ಉತ್ತಮ. ಆಗ ಬೇರು ಮುರಿಯದೆ ಪ್ರತಿಯೊಂದಕ್ಕೂ ಮಣ್ಣಿನ ಸ್ಪರ್ಶವಾಗುವದು. ಮೊದಲ ವಾರ ಮಣ್ಣು ಹಸಿ ಆರಬಾರದು; ಆಮೇಲೆ ನೀರನ್ನು ಕ್ರಮವಾಗಿ ಕಡಿಮೆ ಮಾಡುತ್ತ, ಬೇರಿಗೆ ಹುಡುಕುವ ಅಭ್ಯಾಸವನ್ನು ಮಾಡಿಸಬೇಕು. ಒಂದು ತಿಂಗಳಾದ ಮೇಲೆ ನೆಲದ ಮಾತು.

ಎಲ್ಲ ಗಿಡಗಳಿಗೂ ಕುಡಗೋಲು ಹಿತವೆಂದು ಮಾತ್ರ ತಿಳಿಯಬಾರದು. ಕಾಗದದ ಹೂವಿನ ಬಳ್ಳಿಗೆ ಬೇರನ್ನು ಮುಟ್ಟಿದರೆ ಸೇರುವದಿಲ್ಲ. ಅದರ ಬೇರು ನವುರಾದದ್ದು, ಮಣ್ಣನ್ನು ಹಿಡಿದುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಅದರ ಚೀಲದ ತಳವನ್ನು ಮೊದಲು ಕೊಯ್ದು, ಗುಣಿಯಲ್ಲಿ ಇಳಿಸಿದ ಮೇಲೆ ಬದಿಯನ್ನು ಸೀಳಿ ಚೀಲವನ್ನು ಹೊರಗೆ ಎಳೆದುಕೊಳ್ಳಬೇಕು. ಪಪ್ಪಾಯಿಯ ಸಸಿಯೂ ಅಂಥದೇ ಹುಟ್ಟುಸೂಕ್ಷ್ಮ. ಇದಕ್ಕೆ ವಿರುದ್ಧವಾಗಿ ಅಂಜೂರ ದಾಳಿಂಬೆಗಳು ಚಳಿಗಾಲದಲ್ಲಿ ಎಲೆ ಕಳೆದು ಮಲಗಿದಾಗ ಎಷ್ಟು ಕೊಯ್ದರೂ ಸಹಿಸುವವು. ಮಣ್ಣನ್ನೆಲ್ಲ ತೊಳೆದು ಬರಿ ಬೇರಿನಿಂದ ನೆಟ್ಟರೂ ಏಳುವವು.

ದಾಳಿಂಬೆಯ ಮಾತು ಬಂದದ್ದರಿಂದ ಒಂದು ಸಂಗತಿ. ಹುಮನಾಬಾದವು ಸೊಲ್ಲಾಪುರ ಹೈದರಾಬಾದಗಳ ಹೆದ್ದಾರಿಯ ಮೇಲಿನ ಊರು. ಸೊಲ್ಲಾಪುರದ ಸೀಮೆ ದಾಳಿಂಬೆಗೆ ಪ್ರಸಿದ್ಧ. ದಾಳಿಂಬೆಯ ರಾಷ್ಟ್ರೀಯ ಸಂಶೋಧನ ಕೇಂದ್ರವು 2005ರಿಂದ ಅಲ್ಲಿಯೆ ಇದೆ. ಅಂಥ ಹೆದ್ದಾರಿಗಳ ಗುಂಟ ಸಸಿ ಮಾರುವವರ ಕಪ್ಪು ಪ್ಲಾಸ್ಟಿಕ್ ಚೀಲಗಳ ಸಾಲನ್ನು ವಾಚಕರು ಕಂಡಿರಬಹುದು. ಕೊಳ್ಳುವವರು ಸಹಜವಾಗಿ ಎತ್ತರವಾದ ಸಸಿಯನ್ನೇ ಆರಿಸುವರು. ಅದು ಬಹುಶಃ ಹಿಂದಿನ ವರ್ಷ ಮಾರಾಟವಾಗದೆ ಉಳಿದದ್ದು. ಚೀಲವನ್ನು ಎತ್ತುವಾಗ 'ಚಟ್' ಎಂದು ಸಪ್ಪಳವಾದರೆ ಅದರ ಬೇರು ಚೀಲವನ್ನು ಹರಿದು ನೆಲಕ್ಕೆ ಹೋಗಿತ್ತು, ಈಗ ಮುರಿಯಿತು, ಎಂದು ತಿಳಿಯಬೇಕು. ಒಂದು ಗೇಣು ಕುಳ್ಳಾದರೂ ತಳದ ತೂತಿನಲ್ಲಿ ಬಿಳಿಯ ಬೇರಿನ ತುದಿ ಈಗತಾನೆ ಇಣುಕುತ್ತಿರುವ ಸಸಿಯನ್ನು ಆರಿಸುವವನು ಜಾಣ.

ಇನ್ನು ಗುಣಿಯ ವಿಚಾರ. ಬಸವಕಲ್ಯಾಣ ಹುಮನಾಬಾದಗಳ ನಡುವಿನ ದಾರಿ ಒಂದು ತಾಸಿನದು. ಅಷ್ಟರಲ್ಲಿಯೆ ಎರಡು ಜಾತಿಯ ಭೂಮಿ ಕಣ್ಣಿಗೆ ಬೀಳುವವು. ಎತ್ತರದಲ್ಲಿ ಕೆಂಪು ಜಂಬಿಟ್ಟಿಗೆಯ ನೆಲ, ತಗ್ಗಿನಲ್ಲಿ ಎರೆ. ಜಂಬಿಟ್ಟಿಗೆಯಲ್ಲಿ ಹಾರೆಯಿಂದ ಒಂದು ಮೊಳ ಗುಣಿ ತೋಡಿ ಗೊಬ್ಬರದ ಮಣ್ಣು ತುಂಬಿದರೆ ಆದದ್ದೇನು? ಕಲ್ಲಿನದೊಂದು ಡಬ್ಬಿ! ಎಣ್ಣೆಯ ಡಬ್ಬಿಯಿಂದ ಬಿಡಿಸಿದ ಬೇರು ಈ ಡಬ್ಬಿಯಲ್ಲಿ ಮತ್ತೆ ಸುತ್ತತೊಡಗುವದು. ಅಲ್ಲಿ ಗುಣಿಯನ್ನು ಆಳಕ್ಕಿಂತ ಅಗಲವಾಗಿ ತೋಡಿ, ಬದಿಗಳನ್ನು ನುಣುಪು ಮಾಡದೆ ಹಾರೆಯ ಮೊನೆಯಿಂದ ಅಲ್ಲಲ್ಲಿ ಬಿರುಕಿಸಿ ಬಿಡಬೇಕು. ಎರೆಯಲ್ಲಿ ಹಸಿಯಿದ್ದಾಗ ಗುದ್ದಲಿಯಿಂದ ತೋಡಿದರೆ ಗುಣಿಯ ಗೋಡೆ ಕುಂಬಾರನು ಸವರಿದ ಮಡಿಕೆಯಂತೆ ನುಣ್ಣಗಾಗುವದು; ಬೇರು ಅದನ್ನು ಹೊಗಲಾರದು, ನೀರು ಇಂಗಲಾರದು. ಬೇಸಿಗೆಯಲ್ಲಿ ಅದೇ ಎರೆ ಬಾಯಿಬಿಟ್ಟು ಎಳೆಬೇರನ್ನು ಹರಿದು ಹಾಕುವದು. ಅಲ್ಲಿ ಬೇಸಿಗೆಯ ಕೊನೆಗೆ ಗುಣಿ ತೋಡಿ ಬಿಸಿಲಿಗೆ ಬಿಟ್ಟು, ತೆಗೆದ ಮಣ್ಣಿಗೇ ತಿಪ್ಪೆಗೊಬ್ಬರವನ್ನು ಬೆರಸಿ ತುಂಬುವದು ಒಳ್ಳೆಯದು. ಹೊರಗಿನ ಹಗುರ ಮಣ್ಣನ್ನು ತಂದು ತುಂಬಿದರೆ ಬೇರು ಆ ಹಗುರ ಮಣ್ಣಿನ ಸೀಮೆಯನ್ನು ದಾಟಲೊಲ್ಲದು. ತುಳಸಿಕಟ್ಟೆಯ ಪಕ್ಕದ ಗಿಡಕ್ಕೆ ಆದದ್ದರಲ್ಲಿ ಇದರದೂ ಒಂದು ಪಾಲಿದ್ದಿರಬಹುದು.

ಕಾಲವಂತೂ ಈ ಸೀಮೆಗೆ ಮೃಗದ ಮೊದಲ ಮಳೆಯಲ್ಲ. ಅದು ನೆಚ್ಚಿಕೆಗೆ ಸಾಲದು, ಎಷ್ಟೋ ಸಲ ಒಂದು ಹೊಡೆತ ಹೊಡೆದು ಹದಿನೈದು ದಿನ ಮುಖ ತೋರಿಸುವದಿಲ್ಲ. ಆರಿದ್ರಾ ಹಿಡಿದ ಮೇಲೆ, ಮೋಡ ಮುಚ್ಚಿದ ದಿನದ ಸಂಜೆಗೆ ಬೇರು ಕೊಯ್ದ ಸಸಿಯನ್ನು ನೆಡುವದು ಉಚಿತ. ಮೊದಲು ಯಾವ ಆಳದಲ್ಲಿತ್ತೋ ಅದೇ ಆಳಕ್ಕೆ ನಿಲ್ಲಿಸಿ, ಬುಡವನ್ನು ಕಾಲಿನಿಂದ ತುಳಿಯದೆ ಅಂಗೈಯಿಂದ ಒತ್ತಿ, ಒಂದು ಬಿಂದಿಗೆ ನೀರನ್ನು ನಿಧಾನವಾಗಿ ಬಿಡಬೇಕು. ಹೊಸ ಚಿಗುರು ಕಾಣುವವರೆಗೆ ಗೊಬ್ಬರದ ಸುದ್ದಿ ಬೇಡ. ಎಲೆ ಉದುರಿತೆಂದು ಕಡ್ಡಿಯನ್ನು ಕಿತ್ತು ನೋಡಲೂ ಬಾರದು. ತೊಗಟೆಯನ್ನು ಉಗುರಿನಿಂದ ತುಸು ಕೆರೆದರೆ ಒಳಗೆ ಹಸಿರಿದೆಯೊ ಇಲ್ಲವೊ ಗೊತ್ತಾಗುವದು. ಹಸಿರಿರುವವರೆಗೆ ನೀರು ತಪ್ಪಿಸದಿರಬೇಕು. ನೆರಳಿಗೆ 4 ಗಳಗಳನ್ನು ನೆಟ್ಟು ಹಳೆಯ ಚಾಪೆಯನ್ನು ಕಟ್ಟಿದರೆ ಸಾಕು. ಎರಡು ಜೊತೆ ಎಲೆಗಳು ಪೂರ್ಣವಾಗಿ ಬಿಚ್ಚಿದ ಮೇಲೆ ಮೊದಲು ಮೂಡಲ ಕಡೆಯ ಮರೆಯನ್ನು ತೆಗೆದು ಬೆಳಗಿನ ಬಿಸಿಲನ್ನು ಕಾಣಿಸಿ, ಪಡುವಲ ಕಡೆಯದನ್ನು ಎಲ್ಲಕ್ಕೂ ಕೊನೆಗೆ ತೆಗೆಯತಕ್ಕದ್ದು.